ಹಿಂದಿನ ಗೋಡೆಯ ಬೋರ್ಡು

ಬೋರ್ಡಿಗೆ ಕುಂಕುಮ ಹಚ್ಚಬಾರದು ಎಂದು ತರಬೇತಿ ಕೈಪಿಡಿಯಲ್ಲಿ ಎಲ್ಲೂ ಬರೆದಿರಲಿಲ್ಲ. ನೀರು ತಾಗಿಸಬೇಡಿ, ಚೂಪಾದ ವಸ್ತುವಿನಿಂದ ಗೀಚಬೇಡಿ, ಗುಡುಗು ಬಂದರೆ ಪ್ಲಗ್ ಕಿತ್ತಿಡಿ ಎಂದೆಲ್ಲ ಇತ್ತು. ಪಾಪ, ಅದನ್ನು ಬರೆದವರು ಆಯುಧಪೂಜೆಯ ಹೊತ್ತಿನಲ್ಲಿ ನಮ್ಮ ಕಡೆಯ ಶಾಲೆಗಳನ್ನು ನೋಡಿದವರಲ್ಲ. ಶಾಲೆಯ ಗಂಟೆ, ಬಿಸಿಯೂಟದ ಗ್ಯಾಸ್ ಒಲೆ, ಕಂಪ್ಯೂಟರು, ಹೆಡ್‌ಮಾಸ್ಟರ ಬೈಕು ಎಲ್ಲವೂ ಅಂದು ಹಣೆಗಿಟ್ಟುಕೊಂಡು ಸಾಲಾಗಿ ನಿಂತಿರುತ್ತವೆ. ಹೊಸದಾಗಿ ಬಂದ ಸ್ಮಾರ್ಟ್ ಬೋರ್ಡನ್ನು ಮಾತ್ರ ಬರಿಹಣೆಯಲ್ಲಿ ಬಿಡಲು ಯಾರಿಗೆ ಮನಸ್ಸು ಬರುತ್ತದೆ?

ದಸರಾ ರಜೆ ಮುಗಿದ ಮೇಲೆ ಸಾಲಿಗ್ರಾಮದ ಹತ್ತಿರದ ಶಾಲೆಯೊಂದರಲ್ಲಿ ನನ್ನ ಮೊದಲ ತರಬೇತಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಕೆಲವು ಸರ್ಕಾರಿ ಶಾಲೆಗಳಿಗೆ ಒಂದು ಸಂಸ್ಥೆಯವರು ಸ್ಮಾರ್ಟ್ ಬೋರ್ಡುಗಳನ್ನು ದಾನ ಕೊಟ್ಟಿದ್ದರು. ಅವುಗಳ ಬಳಕೆಯನ್ನು ಶಿಕ್ಷಕರಿಗೆ ಕಲಿಸಲು, ವಿಜ್ಞಾನ ಪಾಠ ಮಾಡಿಕೊಂಡಿದ್ದ ನನ್ನನ್ನು ನನ್ನ ಶಾಲೆಯಿಂದ ಆ ವರ್ಷದ ಮಟ್ಟಿಗೆ ಬಿಡಿಸಿ ಕಳಿಸಿದರು. ಯಾಕೆ ನಾನೇ ಎಂದು ಕೇಳಿದ್ದಕ್ಕೆ ನಮ್ಮ ಮೇಲಧಿಕಾರಿ, "ಏನೇನು ಕೆಟ್ಟೋಗಬಹುದು ಅಂತ ನೀವು ಮೊದಲೇ ಯೋಚನೆ ಮಾಡಿರ್ತೀರಲ್ಲ ಮೇಡಂ, ಅದಕ್ಕೇ" ಎಂದರು. ಹೊಗಳಿಕೆ ಎಂದುಕೊಂಡು ಒಪ್ಪಿಕೊಂಡೆ. ನನ್ನ ಸ್ಕೂಟರಿನ ಚೀಲದಲ್ಲಿ ಟೆಸ್ಟರು, ಎಕ್ಸ್‌ಟೆನ್ಷನ್ ಬಾಕ್ಸು, ಹೆಚ್ಚುವರಿ ಎಕ್ಸ್‌ಟೆನ್ಷನ್ ಬಾಕ್ಸು, ಒಣಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಕೊಡೆ, ಶುಂಠಿ ಪೆಪ್ಪರಮಿಂಟು ಇರುತ್ತಿದ್ದವು. ಮದುವೆಮನೆಗೆ ಹೋದರೂ ಊಟ ಸಾಲದೆ ಹೋದೀತೆಂದು ಮನೆಯಲ್ಲಿ ಒಂದು ಪಾವು ಅನ್ನ ಮಾಡಿಟ್ಟು ಹೋಗುವವಳು ನಾನು.

ಈ ಬೋರ್ಡು ನೋಡಲು ದೊಡ್ಡ ಬಿಳಿ ಹಲಗೆ. ಎದುರಿಗೆ ಚಾವಣಿಯಿಂದ ಇಳಿಬಿಟ್ಟ ಪ್ರೊಜೆಕ್ಟರು ಕಂಪ್ಯೂಟರಿನ ಚಿತ್ರವನ್ನು ಅದರ ಮೇಲೆ ಬೀಳಿಸುತ್ತದೆ. ಹಲಗೆಯ ನಾಲ್ಕು ಅಂಚುಗಳಿಂದಲೂ ಕಣ್ಣಿಗೆ ಕಾಣದ ಕಿರಣಗಳು ಅಡ್ಡಡ್ಡ, ಉದ್ದುದ್ದ ಹಾಯುತ್ತಿರುತ್ತವೆ. ಬೆರಳಿಟ್ಟರೆ ಕಿರಣ ತುಂಡಾಗುತ್ತದೆ. ಓಹೋ, ಇಲ್ಲಿ ಬರೆಯುತ್ತಿದ್ದಾರೆ ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ಬೆರಳೇ ಆಗಬೇಕೆಂದಿಲ್ಲ. ಸೆರಗಾದರೂ ಸರಿ, ನೊಣವಾದರೂ ಸರಿ, ಅದಕ್ಕೆ ಭೇದಭಾವವಿಲ್ಲ.

ಸಾಲಿಗ್ರಾಮದ ಬೋರ್ಡು ಸ್ವಿಚ್ ಹಾಕುತ್ತಲೇ ತಾನಾಗಿ ಗೆರೆ ಎಳೆಯತೊಡಗಿತು. ಕೆಳಗಿನ ಮೂಲೆಯಿಂದ ಮೇಲಕ್ಕೆ, ಮತ್ತೆ ಅಲ್ಲಿಂದ ಕೆಳಕ್ಕೆ.

"ಯಾರೂ ಮುಟ್ಟಿಲ್ಲ ಕಣ್ರೀ ಮೇಡಂ, ಅದೇ ಬರ್ಕೋತಾ ಅದೆ!" ಎಂದರು ಮುಂದೆ ಕೂತಿದ್ದ ಶಿಕ್ಷಕಿ.

"ಅಮಾಸೆ ಹತ್ರ ಬಂತಲ್ಲ" ಎಂದು ಹಿಂದಿನಿಂದ ಯಾರೋ ಸಮಾಧಾನ ಹೇಳಿದರು.

ನಾನು ತೆರೆಯ ಮೇಲೆ ಮೂಡುವ ಚುಕ್ಕಿಗಳನ್ನು ಒಂದೊಂದಾಗಿ ಒತ್ತಿ ಬೋರ್ಡಿಗೆ ಅದರ ಅಳತೆಯನ್ನು ಮತ್ತೆ ನೆನಪು ಮಾಡಿಸಿದೆ. ಅರ್ಥಿಂಗ್ ಇದೆಯೇ ಎಂದು ಟೆಸ್ಟರಿನಿಂದ ಚುಚ್ಚಿ ನೋಡಿದೆ. ಕಂಪ್ಯೂಟರು ಆರಿಸಿ ಹಚ್ಚಿದೆ. ಗೆರೆ ನಿಲ್ಲಲಿಲ್ಲ. ಕೊನೆಗೆ ಬೆವರು ಒರೆಸಿಕೊಳ್ಳಲು ಬಗ್ಗಿದಾಗ ಕೆಳಗಿನ ಚೌಕಟ್ಟಿನ ಸಂದಿ ಕಣ್ಣಿಗೆ ಬಿತ್ತು. ಗಂಧ ಕುಂಕುಮ ಸೇರಿ ಒಣಗಿ ಸಣ್ಣದೊಂದು ಗೋಡೆಯೇ ಎದ್ದಿತ್ತು. ಅದಕ್ಕೆ ಚೆಂಡುಹೂವಿನ ಎಸಳೊಂದು ಅಂಟಿಕೊಂಡು ಫ್ಯಾನಿನ ಗಾಳಿಗೆ ಅಲುಗಾಡುತ್ತಿತ್ತು. ಬ್ರಷ್ಷು ತೆಗೆದೆ.

"ದೇವ್ರು ಅಂತ ಇಟ್ಟಿದ್ದು ಮೇಡಂ, ಶುಕ್ರವಾರ ಬೇರೆ, ಒರೆಸ್ತೀರಾ?" ಎಂದು ಆ ಶಾಲೆಯ ಮುಖ್ಯಶಿಕ್ಷಕಿ ನೊಂದುಕೊಂಡರು. ಪಕ್ಕದ ಗೋಡೆಗೆ ದೊಡ್ಡದಾಗಿ ಇಟ್ಟುಕೊಳ್ಳಿ, ದೇವರಿಗೆ ಅಷ್ಟು ದೂರ ಲೆಕ್ಕವಲ್ಲ ಎಂದು ಒಪ್ಪಿಸಿದೆ. ಅಂದಿನಿಂದ ಎಲ್ಲ ತರಬೇತಿಗಳಲ್ಲೂ ನನ್ನ ಮೊದಲ ಮಾತು ಅದೇ ಆಯಿತು: ಪೂಜೆ ಮಾಡಿ, ಗೋಡೆಗೆ.

ಬೋರ್ಡಿನ ತೊಂದರೆ ಎಂದರೆ ಇಷ್ಟೇ ಎಂದು ಒಂದು ವಾರ ನಂಬಿದ್ದೆ. ಆಮೇಲೆ ಹುಣಸೂರಿನ ತರಬೇತಿಗೆ ಸಮಾಜ ವಿಜ್ಞಾನದ ಮೇಷ್ಟ್ರೊಬ್ಬರು ಬಂದರು.

ಹನಗೋಡಿನಿಂದ ಆಚೆಗಿನ ಒಂದು ಹಳ್ಳಿಶಾಲೆಯವರು. ಹುಣಸೂರು ಪೇಟೆಯ ಬಡಗಿಗಳ ಮನೆತನ. ಅಪ್ಪ, ಅಣ್ಣ ಉಳಿ ಹಿಡಿದರೆ ಇವರು ಸೀಮೆಸುಣ್ಣ ಹಿಡಿದರು. ಕಪ್ಪುಹಲಗೆಯ ಮೇಲೆ ಇವರು ನಕ್ಷೆ ಬರೆಯುವುದನ್ನು ನೋಡಲು ಬೇರೆ ಶಾಲೆಯ ಶಿಕ್ಷಕರೂ ನಿಲ್ಲುತ್ತಾರೆ ಎಂದು ಕೇಳಿದ್ದೆ. ಹಾಗಾಗಿ ನಾನೇ ಉತ್ಸಾಹದಿಂದ ಅವರನ್ನು ಮುಂದಕ್ಕೆ ಕರೆದೆ. ಅದಕ್ಕೆ ಸ್ವಲ್ಪ ಮೊದಲು ಬೋರ್ಡಿನ ಹೆಚ್ಚುಗಾರಿಕೆಯನ್ನು ವಿವರಿಸಿದ್ದೆ: ಬೆರಳಿಟ್ಟರೆ ಬರೆಯುತ್ತದೆ, ಅಂಗೈ ಇಟ್ಟರೆ ಅಳಿಸುತ್ತದೆ, ಡಸ್ಟರಿನ ಗೊಡವೆಯೇ ಇಲ್ಲ.

ಮೇಷ್ಟ್ರು ಬಂದು ಎಡಗೈಯನ್ನು ಬೋರ್ಡಿಗೆ ಆನಿಸಿದರು. ಹಲಗೆಯ ಮೇಲೆ ಉದ್ದನೆಯ ಗೆರೆ ಎಳೆಯುವವರೆಲ್ಲ ಹಾಗೆಯೇ. ಎಡಗೈ ಊರಿಕೊಂಡರೆ ಬಲಗೈ ನಡುಗುವುದಿಲ್ಲ. ಬಲಗೈಯಿಂದ ತಲಕಾವೇರಿಯಲ್ಲಿ ಹೊರಟು ಕಾವೇರಿಯನ್ನು ಪೂರ್ವಕ್ಕೆ ಹರಿಸಿದರು. ಎಂಥ ಗೆರೆ! ಆದರೆ ಬಲಗೈ ಮುಂದೆ ಹೋದಂತೆ ಎಡಗೈ ಹಿಂದಿನಿಂದ ಬಂತು, ಬಂದಲ್ಲೆಲ್ಲ ನದಿ ಮಾಯವಾಯಿತು.

"ಏನ್ ಮೇಷ್ಟ್ರೇ, ಕುಶಾಲನಗರ ದಾಟಕ್ ಮುಂಚೆನೇ ಹೊಳೆ ಬತ್ತೋಯ್ತಲ್ಲ!" ಎಂದು ಒಬ್ಬರು ಕೂಗಿದರು.

"ತಮಿಳುನಾಡಿನವ್ರು ಕೋರ್ಟಿಗೋಯ್ತಾರೆ ನೋಡ್ಕಳಿ!" ಎಂದು ಇನ್ನೊಬ್ಬರು.

ಇಡೀ ಕೋಣೆ ನಕ್ಕಿತು. ಮೇಷ್ಟ್ರೂ ನಕ್ಕರು. ಆಮೇಲೆ ಜೇಬಿನಿಂದ ಕರ್ಚೀಫು ತೆಗೆದು, ಇಲ್ಲದ ಸೀಮೆಸುಣ್ಣದ ಪುಡಿಯನ್ನು ಎರಡೂ ಕೈಯಿಂದ ಒರೆಸಿಕೊಂಡು ತಮ್ಮ ಜಾಗಕ್ಕೆ ಹೋಗಿ ಕೂತರು. ಅಂಗೈಯಿಂದ ಅಳಿಸುವುದನ್ನು ನಿಲ್ಲಿಸುವ ಗುಂಡಿ ಸೆಟ್ಟಿಂಗಿನಲ್ಲೇ ಇತ್ತು. ಊಟದ ಹೊತ್ತಿಗೆ ಅದನ್ನು ಹುಡುಕಿ ನಿಲ್ಲಿಸಿದೆ. ಇನ್ನೊಮ್ಮೆ ಬನ್ನಿ ಎಂದರೆ ಮೇಷ್ಟ್ರು ಬರಲಿಲ್ಲ. "ಬುಡಿ ಮೇಡಂ, ನಂಗೆ ನನ್ ಹಲಗೆ ಸಾಕು."

ಅವರೊಬ್ಬರು ಬಿಟ್ಟರೆ ಬಿಡಲಿ ಎನ್ನುವಂತಿರಲಿಲ್ಲ. ವರ್ಷದ ಕೊನೆಯೊಳಗೆ ಬೋರ್ಡು ಕೊಟ್ಟವರು ನಮ್ಮ ಮೇಲಧಿಕಾರಿಯ ಜೊತೆ ಪ್ರತಿ ಶಾಲೆಗೂ ಬಂದು ಒಂದು ಪಾಠ ನೋಡುವುದೆಂದೂ, ಬಳಸದ ಬೋರ್ಡನ್ನು ಬಿಚ್ಚಿ ಬೇರೆ ಶಾಲೆಗೆ ಕೊಡುವುದೆಂದೂ ಮಾತಾಗಿತ್ತು. ಉಳಿದ ಕಡೆ ಹೇಗೋ ನಡೆಯುತ್ತಿತ್ತು. ಎಚ್.ಡಿ. ಕೋಟೆಯ ಬೀಚನಹಳ್ಳಿಯಲ್ಲಂತೂ ಎಲ್ಲವೂ ಸರಿಯಾಗಿ ನಡೆದು, ಏನೋ ಎಡವಟ್ಟು ನನ್ನ ಕಣ್ಣಿಗೆ ಬೀಳದೆ ಉಳಿದಿದೆ ಎಂದು ವಾಪಸು ಬರುವ ದಾರಿಯುದ್ದಕ್ಕೂ ಚಿಂತೆ ಮಾಡಿದ್ದೆ. ಆದರೆ ಹನಗೋಡಿನ ಆಚೆಯ ಆ ಶಾಲೆಯಲ್ಲಿ ಬೋರ್ಡಿದ್ದದ್ದು ಏಳನೇ ತರಗತಿಯ ಕೋಣೆಯಲ್ಲಿ, ಆ ಕೋಣೆಯ ಮೇಷ್ಟ್ರು ಇವರೇ.

ಅಲ್ಲಿನ ಹೆಡ್‌ಮಾಸ್ಟರು ಫೋನ್ ಮಾಡಿದರು. ಅದೇ ಊರಿನ ಹೊಗೆಸೊಪ್ಪು ಬೆಳೆಯುವ ಮನೆತನದವರು, ಮಾತು ದೊಡ್ಡದು, ಮನಸ್ಸು ಮೆತ್ತಗೆ.

"ಮೇಡಮ್ಮೋರೆ, ಒಂದ್ಸಲ ಬಂದೋಗಿ. ಈ ಬೋಲ್ಡು ವಾಪಸ್ ಓಯ್ತು ಅಂದ್ರೆ ನಾ ಊರಲ್ಲಿ ತಲೆ ಎತ್ಕಂಡ್ ಓಡಾಡಕಾಯ್ತದಾ? ಈಗ್ಲೇ ಬೆಳಿಗ್ಗೆ ಆದ್ರೆ ಪ್ರೈವೇಟ್ ಇಸ್ಕೂಲಿನ್ ಅರಿಸಿನದ್ ಬಣ್ಣದ್ ವ್ಯಾನು ಬಂದು ಐಕ್ಳನ್ನ ತುಂಬ್ಕಂಡೋಯ್ತದೆ. ಬೋಲ್ಡ್ ಐತೆ ಕಣಪ್ಪ ನಮ್ ಇಸ್ಕೂಲಲ್ಲೂ ಅಂತ ನಾಕ್ ಮನೆಯೋರ್ನ ಹಿಡ್ದು ನಿಲ್ಸಿವ್ನಿ. ಅದೂ ಓಯ್ತು ಅಂದ್ರೆ ಅವ್ರೂ ಓಯ್ತಾರೆ."

ಹೋದೆ. ಕೋಣೆಯೊಳಗೆ ಕಾಲಿಟ್ಟಾಗಲೇ ತೊಂದರೆ ಕಂಡಿತು. ಗೋಡೆಯ ನಟ್ಟನಡುವೆ ಹಾಕಬೇಕೆಂಬ ನಿಯಮ ಪಾಲಿಸಿದ ಟೆಕ್ನಿಷಿಯನ್, ಬೋರ್ಡನ್ನು ಹಳೆಯ ಸಿಮೆಂಟಿನ ಕಪ್ಪುಹಲಗೆಯ ಮೇಲೆಯೇ ಕೂರಿಸಿದ್ದ. ಎರಡು ಬದಿಗೆ ಒಂದೊಂದು ಗೇಣು ಕಪ್ಪು ಉಳಿದಿತ್ತು, ದಾವಣಿಯ ಅಂಚಿನ ಹಾಗೆ. ಆ ಅಂಚಿನಲ್ಲಿ ಮೇಷ್ಟ್ರು ಕಾವೇರಿಯನ್ನು ಮೇಲಿನಿಂದ ಕೆಳಕ್ಕೆ ಬರೆದಿದ್ದರು.

"ಕಾವೇರಿ ಪೂರ್ವಕ್ಕೆ ಹರೀಬೇಕು ಮೇಡಂ" ಎಂದರು ಶಾಂತವಾಗಿ. "ನಿಮ್ ಬೋರ್ಡು ಬಂದ್ಮೇಲೆ ದಕ್ಷಿಣಕ್ಕೆ ಹರಿಸ್ತಾ ಇದೀನಿ. ಜಾಗ ಇಲ್ಲ."

"ಕರೆಂಟು ಇದ್ದಾಗ ಬೋರ್ಡಿನ ಮೇಲೇ ಬರೀಬಹುದಲ್ಲ ಮೇಷ್ಟ್ರೇ?"

"ಕರೆಂಟು ಇದ್ದಾಗ ನಿಮ್ದು, ಇಲ್ದಾಗ ನಂದು ಅಂತ ಪಾಲು ಮಾಡ್ಕೊಳೋಣ ಅಂದ್ರೆ, ನನ್ ಪಾಲಿನ ಸೈಟಲ್ಲೇ ನೀವು ಮನೆ ಕಟ್ಬುಟ್ಟಿದೀರಲ್ಲ!"

ಅದೇ ಹೊತ್ತಿಗೆ ಕರೆಂಟು ಹೋಯಿತು. ಅವರು ಇನ್ನೇನೂ ಹೇಳಬೇಕಾಗಿರಲಿಲ್ಲ. ಆ ಕಡೆ ಹಗಲು ಕರೆಂಟು ಬರುವುದೂ ಹೋಗುವುದೂ ಪಂಪುಸೆಟ್ಟಿನ ಪಾಳಿಯ ಪ್ರಕಾರ.

ಕರೆಂಟು ಬಂದ ಮೇಲೆ ಇನ್ನೊಂದು ತೊಂದರೆ ಕಂಡಿತು. ಕೋಣೆಯ ಎರಡೂ ಕಿಟಕಿಗಳು ಮುಂದಿನ ಗೋಡೆಯ ಪಕ್ಕಕ್ಕೇ ಇದ್ದವು. ಹಿಂದಿನವರು ಬುದ್ಧಿವಂತರು, ಹಲಗೆಗೆ ಬೆಳಕು ಬೀಳಲೆಂದೇ ಹಾಗೆ ಕಟ್ಟಿಸಿದ್ದರು. ಆ ಬೆಳಕಿನಲ್ಲಿ ಪ್ರೊಜೆಕ್ಟರಿನ ಚಿತ್ರ ತೊಳೆದು ತೊಳೆದು ಬಣ್ಣ ಹೋದ ಬಟ್ಟೆಯಂತೆ ಕಾಣುತ್ತಿತ್ತು. ಪರದೆ ಹಾಕಿ ಎಂದು ಹೆಡ್‌ಮಾಸ್ಟರಿಗೆ ಸಲಹೆ ಕೊಟ್ಟೆ. ನನ್ನ ಕೆಟ್ಟ ಸಲಹೆಗಳಲ್ಲಿ ಅದಕ್ಕೆ ಒಳ್ಳೆಯ ಸ್ಥಾನವಿದೆ. ಅವರು ಮನೆಯಿಂದ ಹೊಗೆಸೊಪ್ಪಿನ ಬೇಲು ಸುತ್ತುವ ಗೋಣಿತಾಟು ತಂದು ಕಿಟಕಿಗೆ ಬಡಿದರು. ಮುಂದಿನ ಸಲ ಹೋದಾಗ ಅರ್ಧ ತರಗತಿ ಸೀನುತ್ತಿತ್ತು, ಇನ್ನರ್ಧ ಬೆವರುತ್ತಿತ್ತು. ಬೋರ್ಡೇನೋ ಕಾಣುತ್ತಿತ್ತು, ಮಕ್ಕಳಿಗೆ ತಮ್ಮ ಪುಸ್ತಕ ಕಾಣುತ್ತಿರಲಿಲ್ಲ. ಮೇಷ್ಟ್ರು ಗೋಣಿತಾಟಿನ ಒಂದು ಮೂಲೆ ಎತ್ತಿ ಹಾಜರಿ ಕರೆಯುತ್ತಿದ್ದರು. ನಾನೇ ಹೋಗಿ ಎಲ್ಲ ಕಿತ್ತೆ.

ಇನ್ನು ಹೇಳಿಕೊಡುವುದಕ್ಕೆ ನನ್ನ ಬಳಿ ಏನೂ ಉಳಿದಿರಲಿಲ್ಲ. ಪಾಠ ನೋಡುತ್ತೇನೆಂದು ಹೇಳಿ ಕೊನೆಯ ಬೆಂಚಿಗೆ ಹೋಗಿ ಕೂತೆ. ಆ ಬೆಂಚಿನಲ್ಲಿ ಕಾಡಂಚಿನ ಆದಿವಾಸಿ ಹಾಡಿಯಿಂದ ನಡೆದು ಬರುವ ಮಕ್ಕಳಿದ್ದರು. ಯಾರೂ ಅವರನ್ನು ಅಲ್ಲಿ ಕೂರಿಸಿದ್ದಲ್ಲ. ದೂರದಿಂದ ಬರುವವರು ತಡವಾಗಿ ಬರುತ್ತಾರೆ, ಖಾಲಿ ಇರುವಲ್ಲಿ ಕೂರುತ್ತಾರೆ, ಖಾಲಿ ಇರುವುದು ಯಾವಾಗಲೂ ಹಿಂದೆಯೇ. ನನ್ನ ಪಕ್ಕದ ಹುಡುಗಿ ಬೋರ್ಡಿನ ಕಡೆ ನೋಡದೆ ಮುಂದಿನವಳ ಹೆಗಲ ಮೇಲಿಂದ ಇಣುಕಿ ಅವಳ ಪುಸ್ತಕದಿಂದ ಬರೆದುಕೊಳ್ಳುತ್ತಿದ್ದಳು.

"ಬೋರ್ಡು ಕಾಣುತ್ತೇನಮ್ಮ?" ಎಂದು ಕೇಳಿದೆ.

"ಕಾಂತದೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಸುಳ್ಳು ಹೇಳಿದಂತಾಗಬಾರದೆಂದೋ ಏನೋ, "ಬೆಳ್ಳಗ್ ಕಾಂತದೆ" ಎಂದು ಸೇರಿಸಿದಳು.

ನಾನು ನೋಡಿದೆ. ಹೌದು, ಬೆಳ್ಳಗೆ ಕಾಣುತ್ತಿತ್ತು. ಪಕ್ಕದ ಗೇಣಗಲದ ಕಪ್ಪಿನಲ್ಲಿ ಮೇಷ್ಟ್ರು ಬರೆದದ್ದು ಅಲ್ಲಿಂದ ಇರುವೆ ಸಾಲಿನಷ್ಟಿತ್ತು. ಬೆಂಚಿಗೆ ಒರಗಿಸಿಟ್ಟಿದ್ದ ಕೊಡೆ ಎಲ್ಲಾದರೂ ಬಿತ್ತೇ ಎಂದು ಹಿಂದಕ್ಕೆ ತಿರುಗಿದೆ. ಹಿಂದಿನ ಗೋಡೆಗೆ ಕಿಟಕಿಯೇ ಇರಲಿಲ್ಲ. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಬರೆದಿದ್ದ ಅಕ್ಷರಗಳು ಹಗಲು ಹೊತ್ತಿನಲ್ಲೂ ಮಬ್ಬಿನಲ್ಲಿದ್ದವು. ಪ್ರೊಜೆಕ್ಟರಿಗೆ ಬೇಕಾದಷ್ಟೇ ಮಬ್ಬು.

ಹಲಗೆಗೆ ಬೆಳಕು ಬೇಕು, ಬೋರ್ಡಿಗೆ ಕತ್ತಲು ಬೇಕು. ಎರಡನ್ನೂ ಒಂದೇ ಗೋಡೆಗೆ ಹಾಕಿಸಿ, ಶಿಕ್ಷಕರು ಬದಲಾಗುತ್ತಿಲ್ಲ ಎಂದು ನಾನು ಊರೂರು ಸುತ್ತುತ್ತಿದ್ದೆ.

ಪಾಠ ಮುಗಿದ ಮೇಲೆ ಹೇಳಿದೆ: ಬೋರ್ಡನ್ನು ಹಿಂದಿನ ಗೋಡೆಗೆ ಹಾಕೋಣ. ಹಲಗೆ ಬೇಕಾದಾಗ ಮಕ್ಕಳು ಈ ಕಡೆ, ಬೋರ್ಡು ಬೇಕಾದಾಗ ಆ ಕಡೆ.

ಹೆಡ್‌ಮಾಸ್ಟರು ಗಾಬರಿಯಾದರು. "ಐಕ್ಳು ಇಂದಕ್ ತಿರಿಕ್ಕಂಡ್ ಕೂತ್ಕಳಾದಾ? ಊರೋರ್ ನೋಡುದ್ರೆ ಇದೇನ್ ಇಸ್ಕೂಲೋ ನಾಟ್ಕವೋ ಅಂತಾರೆ ಮೇಡಮ್ಮೋರೆ."

ಮೇಷ್ಟ್ರು ಎದ್ದು ಹೋಗಿ ಹಿಂದಿನ ಗೋಡೆಯನ್ನು ಗೇಣು ಹಾಕಿ ಅಳೆದರು. ಬೆರಳಿನಿಂದ ತಟ್ಟಿ ನೋಡಿದರು. ಒಂದು ಬೆಂಚಿನ ಮೇಲೆ ಕೂತು, ಕಾಲೆತ್ತಿ ಬೆಂಚು ದಾಟಿಸಿ, ಆ ಕಡೆಗೆ ಮುಖ ಮಾಡಿ ಕೂತರು. ಹಿಂದಿನವರ ಡೆಸ್ಕು ಈಗ ಅವರ ಮುಂದಿತ್ತು. ಅದರ ಮೇಲೆ ಕೈಯಿಟ್ಟು ಬರೆಯುವಂತೆ ಮಾಡಿ ನೋಡಿದರು.

"ಆಗ್ತದೆ" ಎಂದರು. ತರಬೇತಿ ಶುರುವಾದ ಮೇಲೆ ಅವರ ಬಾಯಿಂದ ಬಂದ ಮೊದಲ ಒಪ್ಪಿಗೆ ಅದು.

ಅದು ಆಗದಂತೆ ಮಾಡಲು ಇನ್ನಿಬ್ಬರಿದ್ದರು. ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. "ಸೀಲ್ ಒಡದ್ರೆ ವಾರಂಟಿ ಹೋಯ್ತು ಮೇಡಂ. ಮುಂದಿನ ಗೋಡೆ ಅಂತಾನೇ ರೂಲ್ ಇರೋದು" ಎಂದ. ಮೇಲಧಿಕಾರಿಗೆ ಫೋನ್ ಮಾಡಿ, "ಸಾರ್, ಬೋರ್ಡಿನ ಜಾಗ ಬದಲಾಯಿಸೋ ವಿಷಯ..." ಎನ್ನುವಷ್ಟರಲ್ಲಿ ಅವರು, "ಮೇಡಂ, ನೀವು ಕೇಳಿಲ್ಲ, ನಾನು ಕೇಳಿಸ್ಕೊಂಡಿಲ್ಲ. ಇಡ್ಲಾ?" ಎಂದು ಇಟ್ಟೇಬಿಟ್ಟರು. ಎಲ್ಲಿಂದ ಎಲ್ಲಿಗೆ ಎಂದು ಹೇಳಲೂ ಬಿಡಲಿಲ್ಲ.

ಹನಗೋಡಿನಿಂದ ಹುಣಸೂರಿಗೆ ಬರುವ ದಾರಿಯಲ್ಲಿ ಸ್ಕೂಟರು ಓಡಿಸುತ್ತ ಆಗಬಹುದಾದದ್ದನ್ನೆಲ್ಲ ಯೋಚಿಸಿದೆ. ಬೋರ್ಡು ಬಿದ್ದು ಒಡೆಯಬಹುದು. ಮಗುವಿನ ಮೇಲೆ ಬೀಳಬಹುದು. ಬೆಂಚು ದಾಟುವಾಗ ಯಾರದೋ ಕಾಲು ಉಳುಕಬಹುದು. ದಾನ ಕೊಟ್ಟವರು ಸಿಟ್ಟಾಗಿ ನಾಲ್ಕೂ ತಾಲ್ಲೂಕಿನ ಬೋರ್ಡುಗಳನ್ನು ಲಾರಿಗೆ ತುಂಬಬಹುದು. ಲಕ್ಷ್ಮಣತೀರ್ಥದ ಸೇತುವೆ ಬರುವ ಹೊತ್ತಿಗೆ ನನ್ನ ಕೆಲಸವೂ ಹೋಗಿ, ನಾನು ಮನೆಯಲ್ಲಿ ಹಪ್ಪಳ ಒತ್ತುತ್ತಿದ್ದೆ. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡೆ. ಇಷ್ಟೆಲ್ಲ ಆದರೂ ಆಗಬಹುದು, ಆಗದೆಯೂ ಇರಬಹುದು. ಬೋರ್ಡು ಅಲ್ಲೇ ಇದ್ದರೆ ಮಾತ್ರ ಏನಾಗುತ್ತದೆಂಬುದು ಖಚಿತವಾಗಿತ್ತು: ಮೇಷ್ಟ್ರಿಗೆ ಹಲಗೆಯಿಲ್ಲ, ಮಕ್ಕಳಿಗೆ ಬೋರ್ಡಿಲ್ಲ, ಕೊನೆಗೆ ಶಾಲೆಗೆ ಎರಡೂ ಇಲ್ಲ. ಅಲ್ಲಿಂದಲೇ ಟೆಕ್ನಿಷಿಯನ್‌ಗೆ ಮತ್ತೆ ಫೋನ್ ಮಾಡಿದೆ. "ಭಾನುವಾರ ಬಾಪ್ಪ. ಬೇರೆಯವರು ಬಿಚ್ಚಿದ್ರೆ ತಾನೆ ವಾರಂಟಿ ಹೋಗೋದು? ನೀನೇ ಬಿಚ್ಚು. ಹೆಚ್ಚುಕಮ್ಮಿ ಆದ್ರೆ ನನ್ನ ಹೆಸರು ಹೇಳು."

ಭಾನುವಾರ ಅವನು ಬಂದ. ಬಿಚ್ಚಿ ನೋಡಿದರೆ ಸೀಲಿದ್ದದ್ದು ಹಿಂದಿನ ಪೆಟ್ಟಿಗೆಗೆ. ಗೋಡೆಯ ಬ್ರಾಕೆಟ್ಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬೋರ್ಡಿನ ಅಡಿಯಿಂದ ಕಪ್ಪುಹಲಗೆ ಹೊರಬಂತು, ನಾಲ್ಕು ಬೋಲ್ಟಿನ ತೂತುಗಳ ಸಮೇತ. ಮೇಷ್ಟ್ರು ಅದನ್ನು ಒದ್ದೆಬಟ್ಟೆಯಿಂದ ಒರೆಸಿದರು, ಜಾತ್ರೆಯಲ್ಲಿ ಕಳೆದುಹೋಗಿ ಸಿಕ್ಕ ಮಗುವಿನ ಮುಖ ಒರೆಸುವ ಹಾಗೆ.

ತೊಂದರೆ ಬಂದದ್ದು ಹಿಂದಿನ ಗೋಡೆಯಿಂದ. ಡ್ರಿಲ್ ಇಟ್ಟರೆ ಮಣ್ಣು ಸುರಿಯಿತು. ಮೊಳೆ ಹೆಬ್ಬೆಟ್ಟಿನಲ್ಲೇ ಒಳಹೋಗುತ್ತಿತ್ತು, ಹಾಗೆಯೇ ಹೊರಬರುತ್ತಿತ್ತು. ಟೆಕ್ನಿಷಿಯನ್ ನನ್ನ ಮುಖ ನೋಡಿದ. ನಾನು ಹಪ್ಪಳದ ಬಗ್ಗೆ ಯೋಚಿಸಿದೆ. ಮೇಷ್ಟ್ರು ಅಣ್ಣನಿಗೆ ಫೋನ್ ಮಾಡಿದರು.

ಹುಣಸೂರಿನಿಂದ ಲಗೇಜು ಆಟೋದಲ್ಲಿ ಮರದ ತೊಲೆಗಳ ಜೊತೆ ಬಂದ ಅಣ್ಣ ತಮ್ಮನ ತದ್ವಿರುದ್ಧ, ಬಾಯಿ ನಿಲ್ಲದ ಮನುಷ್ಯ. "ಈ ಗೋಡೆಗೆ ಕ್ಯಾಲೆಂಡರ್ ಹಾಕೋಕೂ ಭರೋಸ ಇಲ್ಲ ಮೇಡಂ!" ಎಂದು ಘೋಷಿಸಿ, ನೆಲದಿಂದ ಚಾವಣಿಯ ಜಂತಿಯವರೆಗೆ ಎರಡು ಕಂಬ ನಿಲ್ಲಿಸಿ, ನಡುವೆ ಅಡ್ಡಪಟ್ಟಿ ಕೂಡಿಸತೊಡಗಿದರು. ಬೋರ್ಡು ಗೋಡೆಯನ್ನು ಮುಟ್ಟುವುದೇ ಬೇಡ, ಮರಕ್ಕೆ ನೇತಾಡಲಿ. ಮೊದಲ ಸಲ ಕಂಬ ಒಂದು ಬೆರಳು ಗಿಡ್ಡವಾಗಿ, ತಪ್ಪು ಜಂತಿಯದೆಂದು ವಾದಿಸಿ, ಕೆಳಗಿನ ಸಂದಿಗೆ ಮರದ ಆಪು ಬಡಿದರು.

"ಅಲ್ಲಾಡಲ್ಲ ತಾನೆ?" ಎಂದು ನಾನು ಮೂರನೆಯ ಸಲವೋ ನಾಲ್ಕನೆಯ ಸಲವೋ ಕೇಳಿದೆ.

"ನಾನು ಮದ್ವೆ ಮಂಚ ಮಾಡೋನು ಮೇಡಂ. ಮಂಚ ಅಲ್ಲಾಡಿದ್ರೆ ಎರಡು ಮನೆಯೋರೂ ಜಗಳಕ್ಕೆ ಬರ್ತಾರೆ. ಇದಕ್ಕೆ ಬರೋರು ನೀವೊಬ್ರೇ ತಾನೆ?"

ಹೆಡ್‌ಮಾಸ್ಟರು ಕುಂಕುಮದ ಬಟ್ಟಲು ಹಿಡಿದು ಬಂದರು. ನಾನು ಬಾಯಿ ತೆರೆಯುವ ಮೊದಲೇ, "ಗೊತ್ತು ಬುಡಿ ಮೇಡಮ್ಮೋರೆ, ಕಂಬಕ್ಕೆ" ಎಂದು ಕಂಬಕ್ಕೇ ಇಟ್ಟರು.

ಪ್ರೊಜೆಕ್ಟರನ್ನು ಈ ಕಡೆಗೆ ತಿರುಗಿಸಿ ತೂಗುಹಾಕಿದಾಗ ಚಿತ್ರ ಸೊಟ್ಟಗಿತ್ತು. ಸರಿಮಾಡಿ, ಅಂಗೈಯಿಂದ ಅಳಿಸುವುದನ್ನೂ ನಿಲ್ಲಿಸಿ, ಅಳತೆಯ ಚುಕ್ಕಿಗಳನ್ನು ಒತ್ತಬೇಕಾದಾಗ ನಾನು ಸುಮ್ಮನೆ ಪಕ್ಕಕ್ಕೆ ಸರಿದೆ. ಮೇಷ್ಟ್ರು ಮುಂದೆ ಬಂದು ಚುಕ್ಕಿಗಳನ್ನು ಒಂದೊಂದಾಗಿ ಒತ್ತಿದರು. ಆಮೇಲೆ ಬೇಕೆಂದೇ ಎಡ ಅಂಗೈಯನ್ನು ಅಗಲವಾಗಿ ಊರಿದರು, ಬೋರ್ಡಿನ ಕೆನ್ನೆಗೆ ಇಟ್ಟ ಹಾಗೆ. ತಲಕಾವೇರಿಯಿಂದ ಹೊರಟರು. ನದಿ ಸಾಲಿಗ್ರಾಮ ಹಾದು ಕನ್ನಂಬಾಡಿ ಕಟ್ಟೆಯವರೆಗೆ ಬಂತು. ಹಿಂದೆ ನೋಡಿದರು. ಇತ್ತು. "ಹ್ಞೂಂ" ಎಂದರು.

ಇನ್ನು ಉಳಿದದ್ದು ಬೆಂಚು ದಾಟುವ ಕಸರತ್ತು. ಮೊದಲ ದಿನ "ತಿರುಗಿ!" ಎಂದಾಗ ಒಂದು ಬೆಂಚು ಮಗುಚಿತು, ಇಬ್ಬರ ಚೀಲ ಅದಲುಬದಲಾಯಿತು, ಜ್ಯಾಮಿಟ್ರಿ ಪೆಟ್ಟಿಗೆಯೊಂದು ಬಾಗಿಲವರೆಗೂ ಹೋಯಿತು. ಕೊನೆಯ ಬೆಂಚಿನವರಿಗೆ ಮುಂದೆ ಡೆಸ್ಕೇ ಇಲ್ಲವೆಂಬುದೂ ಆಗಲೇ ಗೊತ್ತಾದದ್ದು. ವರಾಂಡದಲ್ಲಿ ಬಿದ್ದಿದ್ದ ಡೆಸ್ಕೊಂದನ್ನು ತಂದು ಹಾಕಿದರು. ವಾರ ಕಳೆಯುವುದರಲ್ಲಿ ತರಗತಿ ಒಂದೇ ಸದ್ದಿಗೆ ತಿರುಗುವುದನ್ನು ಕಲಿತಿತ್ತು: ಎಡಗಾಲು, ಬಲಗಾಲು, ದಡ್.

ಪಾಠ ನೋಡುವವರು ಬರುವ ದಿನ ನಾನು ಎಲ್ಲವನ್ನೂ ಪರೀಕ್ಷಿಸಿದ್ದೆ. ವೈರು, ಪ್ಲಗ್ಗು, ಕಂಬದ ಆಪು, ಕಿಟಕಿ, ಕುಡಿಯುವ ನೀರು. ಒಂದನ್ನು ಬಿಟ್ಟು. ನಮ್ಮ ಶಾಲೆಗಳಲ್ಲಿ ಪಾಠ ನೋಡಲು ಬಂದವರಿಗೆ ಕುರ್ಚಿ ಹಾಕುವುದು ಯಾವಾಗಲೂ ತರಗತಿಯ ಹಿಂದೆ, ಗೋಡೆಗೆ ತಾಗಿಸಿ. ಹೆಡ್‌ಮಾಸ್ಟರು ಹಾಗೆಯೇ ಹಾಕಿಸಿ, ಮೇಲೊಂದು ಟವೆಲ್ಲು ಹೊದಿಸಿದ್ದರು. ಮೇಲಧಿಕಾರಿಯೂ ಬೋರ್ಡು ಕೊಟ್ಟವರ ಕಡೆಯ ಇಬ್ಬರೂ ಬಂದು ಅದರಲ್ಲಿ ಆಸೀನರಾದರು. ಬೋರ್ಡು ಅವರ ತಲೆಯ ಹಿಂದೆ.

ಮೇಷ್ಟ್ರು ಮುಂದಿನ ಕಪ್ಪುಹಲಗೆಯ ಮೇಲೆ ಕಾವೇರಿ ಬರೆದರು, ಪೂರ್ವಕ್ಕೆ, ಹಲಗೆಯ ಉದ್ದಕ್ಕೂ. ಮೇಲಧಿಕಾರಿ ನನ್ನ ಕಡೆ ವಾಲಿ, "ಬೋರ್ಡೆಲ್ರೀ?" ಎಂದು ಪಿಸುಗುಟ್ಟಿದರು. ಉತ್ತರ ಕೊಡುವಷ್ಟರಲ್ಲಿ ಮೇಷ್ಟ್ರು "ತಿರುಗಿ!" ಎಂದರು.

ದಡ್. ಇಡೀ ತರಗತಿ ಅಧಿಕಾರಿಗಳನ್ನು ದಿಟ್ಟಿಸಿ ನೋಡುತ್ತ ಕೂತಿತು. ಪ್ರೊಜೆಕ್ಟರು ಹೊತ್ತಿಕೊಂಡಿತು. ನಕ್ಷೆ ಮೂಡಿತು. ಮೇಲಿನ ಭಾಗ ಬೋರ್ಡಿನ ಮೇಲೆ, ಕೆಳಗಿನ ಭಾಗ ಕುರ್ಚಿಯಲ್ಲಿದ್ದವರ ಮೇಲೆ. ಕಬಿನಿ ನದಿ ವಯನಾಡಿನಿಂದ ಹೊರಟು ನಮ್ಮ ಮೇಲಧಿಕಾರಿಯ ಬೋಳುತಲೆಯ ಮೇಲೆ ತಣ್ಣಗೆ ಹರಿಯುತ್ತಿತ್ತು.

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಆಗ ಕೊನೆಯ ಬೆಂಚಿನಲ್ಲಿದ್ದು ಈಗ ಎಲ್ಲರಿಗಿಂತ ಮುಂದಾಗಿದ್ದ ಹಾಡಿಯ ಹುಡುಗಿ, ಕೈಯೆತ್ತಿ, ಬಹಳ ಮರ್ಯಾದೆಯಿಂದ ಹೇಳಿದಳು:

"ಸಾ, ವಸಿ ಅತ್ಲಾಗ್ ಸರ್ಕಳ್ರಾ? ಒಳೆ ಕಾಂತಾಯಿಲ್ಲ."

ಮೇಲಧಿಕಾರಿ ಎದ್ದರು. ತಲೆಯ ಮೇಲಿದ್ದ ನದಿ ಶರಟಿಗಿಳಿಯಿತು. ಅದನ್ನು ನೋಡಿಕೊಂಡು ಅವರೇ ಮೊದಲು ನಕ್ಕರು. ಕುರ್ಚಿಗಳನ್ನು ಎತ್ತಿ ಮುಂದಕ್ಕೆ, ಕಪ್ಪುಹಲಗೆಯ ಬುಡಕ್ಕೆ ಹಾಕಿದೆವು. ಮೇಷ್ಟ್ರು ಎಡಗೈ ಊರಿ ಲಕ್ಷ್ಮಣತೀರ್ಥವನ್ನು ಬರೆದು ಕಾವೇರಿಗೆ ಸೇರಿಸುವ ಹೊತ್ತಿಗೆ ಕರೆಂಟು ಹೋಯಿತು. ಅವರು ತಡವರಿಸಲಿಲ್ಲ. "ತಿರುಗಿ!" ದಡ್. ಮಕ್ಕಳೆಲ್ಲ ಮತ್ತೆ ಅಧಿಕಾರಿಗಳ ಮುಖಾಮುಖಿ. ಕೊನೆಗೆ ಆ ಮೂವರೂ ಕಿಟಕಿಯ ಪಕ್ಕ ನಿಂತೇ ಪಾಠ ನೋಡಿದರು, ಪೂರ್ತಿಯಾಗಿ.

ಹೊರಡುವಾಗ ಬೋರ್ಡು ಕೊಟ್ಟವರ ಕಡೆಯವರು ಕಂಬವನ್ನು ಅಲ್ಲಾಡಿಸಿ ನೋಡಿ, ಇದು ಇಲ್ಲೇ ಇರಲಿ ಎಂದರು. ಹೆಡ್‌ಮಾಸ್ಟರು ಆ ಮಾತನ್ನು ನಾಲ್ಕು ಮನೆಗಳಿಗೆ ಮುಟ್ಟಿಸಲು ಬೈಕು ಹತ್ತಿದರು. ಮೇಲಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, "ಇಂಥದ್ದು ಮಾಡೋ ಮುಂಚೆ ಒಂದು ಮಾತು ಕೇಳಬಾರದಾ?" ಎಂದರು.

"ಕೇಳಿದ್ದೆ ಸಾರ್."

"ಹೌದಾ? ನಾನು ಕೇಳಿಸ್ಕೊಳ್ಳಲಿಲ್ವಲ್ಲ" ಎಂದು ಜೀಪು ಹತ್ತಿದರು.

ಸಂಕ್ರಾಂತಿ ಕಳೆದ ಮೇಲೆ ಒಮ್ಮೆ ಹನಗೋಡಿನ ಕಡೆ ಕೆಲಸವಿತ್ತು. ಕಂಬದ ಆಪು ಸಡಿಲವಾಗಿದೆಯೇ ನೋಡಿಬಿಡೋಣ ಎಂದು ಶಾಲೆಗೆ ಹೋಗಿ ಬಾಗಿಲಲ್ಲಿ ನಿಂತೆ. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದರು. ಕರೆಂಟಿತ್ತು. ಕೊನೆಯ ಬೆಂಚಿನಿಂದ ಹಾಡಿಯ ಹುಡುಗಿಯ ದನಿ ಬಂತು. "ಸಾ, ಇವತ್ತು ತಿರುಗಾಕಿಲ್ವಾ?"

"ಬ್ಯಾಡ ಸಾ, ಇಂಗೇ ಇರ್ಲಿ" ಎಂದರು ಮುಂದಿನ ಬೆಂಚಿನ ಹುಡುಗರು.

ಮೇಷ್ಟ್ರು ನನ್ನನ್ನು ನೋಡಿದರು. ಕರ್ಚೀಫು ತೆಗೆದು ಕೈಗೆ ಮೆತ್ತಿದ್ದ ಸೀಮೆಸುಣ್ಣವನ್ನು ನಿಧಾನವಾಗಿ ಒರೆಸಿಕೊಂಡರು. "ತಿರುಗಿ."

ದಡ್. ನನ್ನ ಕಡೆಗೆ ಬೆನ್ನುಗಳು. ಈಗ ಎಲ್ಲರಿಗಿಂತ ಹಿಂದಾದ ಹುಡುಗನೊಬ್ಬ ಕತ್ತು ಉದ್ದ ಮಾಡಿ, "ಸಾ, ಕಾಂತಾಯಿಲ್ಲ" ಎಂದ.

ಆ ಹುಡುಗಿ ಹಿಂತಿರುಗಿ ನೋಡುವ ಗೋಜಿಗೆ ಹೋಗದೆ ಕೇಳಿದಳು:

"ಬೆಳ್ಳಗ್ ಕಾಂತದೇನ್ಲಾ?"